ಬಾಯಿ ತೆರೆದವರೊಡನೆ ವಾದ

ನಮ್ಮ ಹಲ್ಲಿನ ಡಾಕ್ಟರು ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಚಿತ್ರಸಂಗೀತ ನಿರ್ದೇಶಕ ಯಾರೆಂದು ಸಾಬೀತು ಮಾಡುವ ಭರದಲ್ಲಿ ತಮ್ಮ ಸ್ವಂತ ಷಡ್ಡಕನ ಬಾಯೊಳಗೆ ಒಂದು ತಟ್ಟೆ ಗಾರೆಯನ್ನು ಕಲ್ಲಾಗಲು ಬಿಟ್ಟ ದಿನ, ನಾನು ಹೊರಗಿನ ಬೆಂಚಿನ ಮೇಲೆ ಊದಿದ ಕೆನ್ನೆ ಹಿಡಿದುಕೊಂಡು ಸರದಿಗೆ ಕಾಯುತ್ತಿದ್ದೆ. ಆದ್ದರಿಂದ ಇದು ಯಾರೋ ಹೇಳಿದ್ದಲ್ಲ, ಅರ್ಧ ತೆರೆದ ಬಾಗಿಲಿನಿಂದ ಕಣ್ಣಾರೆ ಕಂಡದ್ದು.

ಕಟ್ಟುಹಲ್ಲು ಮಾಡಬೇಕಾದರೆ ಮೊದಲು ದವಡೆಯ ಅಚ್ಚು ತೆಗೆಯಬೇಕು. ಈಗಿನ ಡಾಕ್ಟರುಗಳು ಅದಕ್ಕೆ ರಬ್ಬರಿನಂಥ ಮೆತ್ತನೆಯ ಪದಾರ್ಥ ಬಳಸುತ್ತಾರೆ. ನಮ್ಮವರಿಗೆ ಹಳೆಯ ಪ್ಲಾಸ್ಟರಿನ ಮೇಲೆಯೇ ನಂಬಿಕೆ. ಹಿಟ್ಟನ್ನು ನೀರಿನಲ್ಲಿ ಕಲಸಿ, ತಟ್ಟೆಗೆ ತುಂಬಿ, ಮೇಲ್ದವಡೆಗೆ ಒತ್ತಿ ಹಿಡಿದು, ಅದು ಬಿಗಿಯುತ್ತಿದ್ದ ಹಾಗೆ ತೆಗೆದುಬಿಡಬೇಕು. ಸ್ವಲ್ಪ ತಡವಾದರೂ ಬಾಯಿಯ ಒಳಗೊಂದು ಕಟ್ಟಡ ಏಳುತ್ತದೆ.

ಡಾಕ್ಟರು ತಟ್ಟೆ ಇಟ್ಟರು, ಗಡಿಯಾರ ನೋಡಿದರು, ಆಮೇಲೆ ಷಡ್ಡಕನ ಮುಖ ನೋಡಿದರು. ಅಷ್ಟು ಅಸಹಾಯಕವಾದ ಮುಖವನ್ನು ಕಂಡೂ ಸುಮ್ಮನಿರುವುದು ಅವರ ಕೈಲಿ ಆಗಲಿಲ್ಲ.

"ಈಗ ಹೇಳು. ಹಿನ್ನೆಲೆ ಸಂಗೀತಾನೂ ಲೆಕ್ಕಕ್ಕೆ ತಗೋಬೇಕೋ ಬೇಡ್ವೋ?"

"ಊಂ."

"ತಗೋಬೇಕು ಅಂತ ನೀನೇ ಒಪ್ಕೊಂಡೆ. ಬರೀ ಹಾಡು ಕಟ್ಟಿದ್ರೆ ಆಯ್ತಾ? ಸಿನಿಮಾದಲ್ಲಿ ಹಾಡಿಲ್ಲದ ಜಾಗಾನೇ ಜಾಸ್ತಿ. ಅಲ್ಲಿ ನಿಮ್ಮವರು ಏನು ಮಾಡಿದ್ದಾರೆ?"

"ಆಂ! ಆಆಂ!"

"ಕೂಗಾಡಬೇಡ. ವಾದ ಅಂದ್ಮೇಲೆ ಸಹನೆ ಇರಬೇಕು."

ಷಡ್ಡಕ ಎರಡೂ ಕೈಯಿಂದ ಬಾಯಿಯನ್ನು ತೋರಿಸಿದರು. ಡಾಕ್ಟರು ಅದನ್ನು ವಿಷಯಾಂತರವೆಂದು ತಿಳಿದರು.

"ಡಾಕ್ಟ್ರೇ, ಗಾರೆ," ಎಂದು ನರ್ಸಮ್ಮ ಎಚ್ಚರಿಸಿದರು.

"ಇರಮ್ಮಾ, ಇನ್ನೊಂದೇ ಪಾಯಿಂಟು."

ಆ ಇನ್ನೊಂದು ಪಾಯಿಂಟಿನಲ್ಲೇ ಗಾರೆ ಕಲ್ಲಾಯಿತು. ಮುಂದಿನ ಕೆಲಸ ಹಲ್ಲಿನ ಡಾಕ್ಟರದಾಗಿ ಉಳಿಯಲಿಲ್ಲ, ಕಲ್ಲುಕುಟಿಗರದಾಯಿತು. ಪುಟ್ಟ ಉಳಿ, ಪುಟ್ಟ ಸುತ್ತಿಗೆ, ಪುಟ್ಟ ಗರಗಸ. ಚೂರುಚೂರಾಗಿ ಹೊರಬಂದ ಗಾರೆಯ ಕೊನೆಯ ತುಂಡಿನಲ್ಲಿ, ಎಂದೋ ಬೇರೊಬ್ಬ ಡಾಕ್ಟರು ಕೂರಿಸಿದ್ದ, ಯಾರ ತಂಟೆಗೂ ಹೋಗದಿದ್ದ ಮೂರು ಕಟ್ಟುಹಲ್ಲಿನ ಬ್ರಿಡ್ಜೂ ಬಂತು. ಹೀಗೆ ಷಡ್ಡಕರಿಬ್ಬರ ನಡುವೆ ಉಳಿದಿದ್ದ ಒಂದೇ ಸೇತುವೆಯೂ ಕಿತ್ತುಹೋಯಿತು.

ಹೊರಗೆ ಬಂದ ಡಾಕ್ಟರು, ಮೀಸೆಯ ಮೇಲೆಲ್ಲ ಬಿಳಿ ಪುಡಿ ಮೆತ್ತಿಕೊಂಡು, ನಮ್ಮೆಲ್ಲರಿಗೂ ಕೇಳುವಂತೆ ಹೇಳಿದರು: "ಏನೇ ಆಗ್ಲಿ, ನನ್ನ ಮಾತನ್ನ ಇವನು ಪೂರ್ತಿ ಕೇಳಿಸ್ಕೊಂಡಿದ್ದು ಇವತ್ತೇ ಮೊದಲು."

ಬೆಂಚಿನ ಮೇಲಿದ್ದ ನಾವು ಕೆನ್ನೆಯಿಂದ ಕೈ ತೆಗೆದು, ನೋವು ವಾಸಿಯಾದವರ ಹಾಗೆ ಎದ್ದು ಮನೆಗೆ ಹೋದೆವು.

ಆ ಇಬ್ಬರು ಸಂಗೀತ ನಿರ್ದೇಶಕರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಮನೆಯ ಕಿಟಕಿ ಗಾಜಿಗೆ ಕ್ಷೇಮವಲ್ಲ. ಒಬ್ಬರು ಪಿಯಾನೋ ಮುಂದೆ ಕೂತು ರಾಗ ಕಟ್ಟುತ್ತಿದ್ದರು, ಇನ್ನೊಬ್ಬರು ಪಿಟೀಲು ಹಿಡಿದು. ಬದುಕಿದ್ದಾಗ ಒಬ್ಬರನ್ನೊಬ್ಬರು ಕಂಡರೆ ಕೈಕುಲುಕಿ, ಮಕ್ಕಳ ಶಾಲೆಯ ವಿಚಾರ ಮಾತಾಡಿಕೊಂಡು ಮುಂದೆ ಹೋಗುತ್ತಿದ್ದರಂತೆ. ಜಗಳದ ಕೆಲಸವನ್ನು ಅವರು ಅಭಿಮಾನಿಗಳಿಗೆ ವಹಿಸಿಕೊಟ್ಟಿದ್ದರು. ಅಭಿಮಾನಿಗಳು ಅದನ್ನು ಸಂಬಳವಿಲ್ಲದೆ, ರಜೆಯಿಲ್ಲದೆ ನಿರ್ವಹಿಸುತ್ತಿದ್ದಾರೆ.

ಪಿಯಾನೋ ಪಕ್ಷ, ಪಿಟೀಲು ಪಕ್ಷ ಎರಡಕ್ಕೂ ಒಂದೇ ಸಂಘ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಶನಿವಾರ ಸಂಜೆ ಸೇರುತ್ತಾರೆ. ಕೆಳಗಡೆ ಟ್ಯೂಬಿಗೆ ಗಾಳಿ ತುಂಬುತ್ತಿರುತ್ತಾರೆ, ಮೇಲ್ಗಡೆ ಸಂಗೀತ ನಿರ್ದೇಶಕರಿಗೆ. ಇಪ್ಪತ್ತನೆಯ ಶತಮಾನ ಮುಗಿಯುವುದು ತೊಂಬತ್ತೊಂಬತ್ತಕ್ಕೋ ಎರಡು ಸಾವಿರಕ್ಕೋ ಎಂಬ ಬಗ್ಗೆ ಅಲ್ಲಿ ಒಂದಿಡೀ ಬೇಸಿಗೆ ಚರ್ಚೆ ನಡೆಯಿತು. ಪಿಟೀಲಿನವರದೊಂದು ಚಿತ್ರ ಎರಡು ಸಾವಿರದಲ್ಲಿ ಬಿಡುಗಡೆಯಾಗಿತ್ತು, ಅದಕ್ಕೆ. ಮೂರನೆಯ ಯಾವುದಾದರೂ ಹೆಸರು ತೆಗೆದವರನ್ನು ಸಂಘ ಕರುಣೆಯಿಂದ ನೋಡುತ್ತದೆ. "ಇಬ್ರೂ ದೊಡ್ಡವರೇ ಅಲ್ವಾ" ಅಂದವರನ್ನು ಮಾತ್ರ ಮತ್ತೆ ಮೆಟ್ಟಿಲು ಹತ್ತಿಸುವುದಿಲ್ಲ.

ಈ ಸಂಘಕ್ಕೆ ಹುಟ್ಟಿದಾಗಿನಿಂದಲೂ ನಮ್ಮ ಡಾಕ್ಟರೇ ಅಧ್ಯಕ್ಷರು. ಅಧ್ಯಕ್ಷರು ವಾದದಲ್ಲಿ ಭಾಗವಹಿಸುವಂತಿಲ್ಲ, ಗಂಟೆ ಮಾತ್ರ ಬಾರಿಸಬೇಕು ಎಂಬ ನಿಯಮ ಮಾಡಿದವರೂ ಅವರೇ. ಅವರು ಕುರ್ಚಿಯಲ್ಲಿ ಒರಗಿ, ಕಣ್ಣು ಅರೆಮುಚ್ಚಿ, ಎರಡೂ ಕಡೆಯವರ ಮಾತಿಗೆ ಮುಗುಳ್ನಗುತ್ತಿದ್ದರೆ, ಹೊಸ ಸದಸ್ಯರು "ಎಂಥ ಆಳ!" ಎಂದುಕೊಳ್ಳುತ್ತಿದ್ದರು. ಆಳವೇನೋ ನಿಜ. ಬಾವಿಯಲ್ಲಿ ನೀರಿದೆಯೇ ಎಂದು ಯಾರೂ ಬಗ್ಗಿ ನೋಡಿರಲಿಲ್ಲ.

ಪಿಯಾನೋದವರ ಪರವಾಗಿ ಡಾಕ್ಟರ ವಾದವೆಲ್ಲ ನಡೆಯುತ್ತಿದ್ದದ್ದು ಹಾಸಿಗೆ ಅಂಗಡಿಯ ಮಹಡಿಯ ಮೇಲಿನ ತಮ್ಮ ದವಾಖಾನೆಯಲ್ಲಿ. ಅವರಿಗೆ ಚಿಕ್ಕಂದಿನಲ್ಲಿ ವಕೀಲರಾಗುವ ಆಸೆಯಿತ್ತಂತೆ. ಕೋರ್ಟಿನಲ್ಲಿ ಎದುರು ಪಕ್ಷದವರಿಗೂ ಮಾತಾಡಲು ಬಿಡುತ್ತಾರೆ ಎಂಬ ಸಂಗತಿ ತಿಳಿದ ಮೇಲೆ ಕರಿ ಕೋಟಿನ ಆಸೆ ಬಿಟ್ಟು ಬಿಳಿ ಕೋಟು ತೊಟ್ಟರು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹೇಳಿಕೊಟ್ಟ ಮೊದಲ ಶಿಸ್ತು, ಬಾಯಲ್ಲಿ ಏನಾದರೂ ಇದ್ದಾಗ ಮಾತಾಡಬಾರದು ಎಂಬುದು. ನಾವು ಅದನ್ನು ಕಲಿತು ಮರೆತೆವು. ಡಾಕ್ಟರು ಅದರ ಮೇಲೆ ಒಂದು ಇಡೀ ಕೀರ್ತಿಯನ್ನು ಕಟ್ಟಿದರು.

ಅವರ ಕ್ರಮ ಹೀಗೆ. ಇಂಜೆಕ್ಷನ್ನಿಗೆ ಮುಂಚೆ ಹವಾಮಾನ, ರಸ್ತೆಯ ಗುಂಡಿ. ನಾಲಗೆ ದಪ್ಪಗಾಗತೊಡಗಿದಾಗ, "ಅಂದ ಹಾಗೆ, ನೀವು ಯಾರ ಕಡೆ?" ಎಂಬ ಪ್ರಶ್ನೆ. ಕೆನ್ನೆಗೆ ಹತ್ತಿ, ನಾಲಗೆಯಡಿಗೆ ಎಂಜಲು ಹೀರುವ ಕೊಳವೆ ಸೇರಿದ ಮೇಲೆ ಪೂರ್ಣಪ್ರಮಾಣದ ಮಂಡನೆ. ರೋಗಿ "ಆ" ಎಂದರೆ ಒಪ್ಪಿಗೆ, "ಊಂ" ಎಂದರೆ ಸಂಪೂರ್ಣ ಒಪ್ಪಿಗೆ, ಕಣ್ಣಲ್ಲಿ ನೀರು ಬಂದರೆ ಮತಾಂತರ. ನಾನೇ ಎರಡು ಸಲ ಮತಾಂತರಗೊಂಡಿದ್ದೇನೆ, ಒಮ್ಮೆ ಮೇಲಿನ ದವಡೆಗೆ, ಒಮ್ಮೆ ಕೆಳಗಿನದಕ್ಕೆ. ವಾದದಲ್ಲಿ ಡಾಕ್ಟರನ್ನು ಗೆದ್ದವರಿಲ್ಲ ಎಂಬ ಮಾತು ಊರಲ್ಲೆಲ್ಲ ಹಬ್ಬಿತು. ದಂತವೈದ್ಯರು ಬದುಕಿರುವಾಗಲೇ ದಂತಕಥೆಯಾದರು.

ಇದನ್ನು ನಂಬದ ಒಬ್ಬರೇ ಒಬ್ಬರೆಂದರೆ ಅವರ ಷಡ್ಡಕ, ಹೆಂಡತಿಯ ತಂಗಿಯ ಗಂಡ, ಪಿಟೀಲು ಪಕ್ಷದ ನಾಯಕ. ಅವರು ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ. ದಿನವಿಡೀ ಪಕ್ಕದಲ್ಲಿ ಕೂತು, ಸಾವಿನ ಭಯದಲ್ಲಿರುವವರಿಗೆ ಸೂಚನೆ ಕೊಡುವ ವೃತ್ತಿ. ಹಾಗಾಗಿ ಗಂಟಲು ಗಟ್ಟಿ. ಡಾಕ್ಟರು ಅವರನ್ನು "ಕ್ಲಚ್ಚು" ಅನ್ನುತ್ತಾರೆ. ಅವರು ಡಾಕ್ಟರನ್ನು ಎಲ್ಲರಂತೆ "ಡಾಕ್ಟ್ರೇ" ಅಂತಲೇ ಕರೆಯುತ್ತಾರೆ, ಆದರೆ ಅವರ ಬಾಯಲ್ಲಿ ಅದು ಬೈಗುಳದಂತೆ ಕೇಳುತ್ತದೆ.

ಗಾರೆ ಪ್ರಕರಣದ ಮುಂದಿನ ಶನಿವಾರ ಷಡ್ಡಕ ಬೊಚ್ಚುಬಾಯಿಯಲ್ಲೇ ಸಂಘಕ್ಕೆ ಬಂದು ಎದ್ದು ನಿಂತರು.

"ಅಧ್ಯಕ್ಷರು ಆ ಕುರ್ಚಿಯಿಂದ ಇಳೀಲಿ. ನನ್ನ ಎದುರು ನಿಂತು ವಾದ ಮಾಡ್ಲಿ. ನನ್ನ ಬಾಯಿ ನನ್ನ ಹತೋಟೀಲಿದ್ದಾಗ!"

ಸಭೆ ಚಪ್ಪಾಳೆ ತಟ್ಟಿತು. ಡಾಕ್ಟರು ಗಂಟೆ ಬಾರಿಸಿದರು. ಚಪ್ಪಾಳೆ ಜೋರಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಅವರು ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಆದರೆ ಅಕ್ಕತಂಗಿಯರು ಕಣಕ್ಕಿಳಿದರು. ಎರಡು ಕುಟುಂಬ ಒಟ್ಟಿಗೆ ಊಟಕ್ಕೆ ಕೂತ ಒಂದು ದಿನವೂ ಈ ಚರ್ಚೆಯಿಲ್ಲದೆ ಕೈ ತೊಳೆದದ್ದಿಲ್ಲ. ಉಪ್ಪಿನ ಬಟ್ಟಲು ಕೇಳಿದರೆ ಉಪ್ಪಿನ ಜೊತೆ ಒಂದು ಉದಾಹರಣೆಯೂ ಬರುತ್ತಿತ್ತು.

"ಸೋತವರು ಇನ್ನು ಮೇಲೆ ಈ ವಿಷಯ ಎತ್ತಬಾರದು," ಎಂದರು ಡಾಕ್ಟರ ಹೆಂಡತಿ. "ಊಟದ ಹೊತ್ತಲ್ಲೂ ಇಲ್ಲ, ಸಂಘದಲ್ಲೂ ಇಲ್ಲ."

"ದವಾಖಾನೇಲೂ ಇಲ್ಲ," ಎಂದು ತಂಗಿ ಸೇರಿಸಿದರು.

ಡಾಕ್ಟರ ಮುಖ ಬಿಳುಚಿತು. ಊಟವನ್ನು ಬಿಡಬಹುದು, ಸಂಘವನ್ನೂ ಬಿಡಬಹುದು. ದವಾಖಾನೆಯಲ್ಲಿ ಮಾತಿಲ್ಲದೆ, ಬರೀ ಹಲ್ಲನ್ನೇ ನೋಡಿಕೊಂಡು ಹಲ್ಲಿನ ಡಾಕ್ಟರಾಗಿ ಬದುಕುವುದು ಹೇಗೆ?

ಅವರು ತಯಾರಿಗೆ ನಿಂತರು. ಮೊದಲು ರೋಗಿಗಳ ಮೇಲೆ. ಎಂದಿನಂತೆ ಎಲ್ಲರೂ ಒಪ್ಪಿದರು. ರಾತ್ರಿ ಒಗೆದ ಟವೆಲ್ಲು ಮಡಿಸುತ್ತಿದ್ದ ಹೆಂಡತಿಯನ್ನು ಎದುರಾಳಿಯಾಗಿಸಿಕೊಂಡಾಗ ಮಾತ್ರ ಅಂಗಾಲಿನ ಕೆಳಗೆ ನೆಲ ಇಲ್ಲದಿರುವುದು ಗೊತ್ತಾಯಿತು. ಆ ಮಾತುಕತೆಯನ್ನು ಅವರ ಹೆಂಡತಿ ಎಷ್ಟು ಜನಕ್ಕೆ ಹೇಳಿದ್ದಾರೆಂದರೆ, ಅದೀಗ ಸಾರ್ವಜನಿಕ ಆಸ್ತಿ.

"ಪಿಯಾನೋದವರು ಯಾಕೆ ದೊಡ್ಡವರು ಅಂದ್ರೆ..."

"ದೊಡ್ಡವರು ಅಂತ ಹೇಳಿದ್ಯಾರು?"

"ಇರು ಮಾರಾಯ್ತಿ, ಪೂರ್ತಿ ಹೇಳೋಕೆ ಬಿಡು."

"ಅಲ್ಲಿ ಅವರು ಬಿಡ್ತಾರಾ?"

"ನೀನು ಬಾಯಲ್ಲಿ ಸ್ವಲ್ಪ ಏನಾದ್ರೂ ಇಟ್ಕೋ. ಆ ಟವೆಲ್ಲಿನ ತುದಿನಾದ್ರೂ."

"ಮದುವೆಯಾದಾಗಿಂದ ಬಾಯಿಗೆ ಬೀಗ ಹಾಕ್ಕೊಂಡೇ ಇದ್ದೀನಿ, ಸಾಲದಾ?"

ಈ ಕೊನೆಯ ಮಾತನ್ನು ಆಕೆ ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಾರೆ.

ಈ ನಡುವೆ ಡಾಕ್ಟರು ಷಡ್ಡಕನಿಗೆ ಹೊಸ ಬ್ರಿಡ್ಜು ಮಾಡಿಕೊಟ್ಟರು. ಅದು ಬಾಯಿಗೆ ಒಗ್ಗುತ್ತದೋ ಇಲ್ಲವೋ ನೋಡಲು ಕೆಲವು ದಿನ ತಾತ್ಕಾಲಿಕ ಅಂಟಿನಲ್ಲಿ ಕೂರಿಸುವುದು ಪದ್ಧತಿ. ಕೂರಿಸುವಾಗ ಡಾಕ್ಟರು ಒಂದು ಮಾತೂ ಆಡಲಿಲ್ಲ. ನರ್ಸಮ್ಮನಿಗೆ ಭಯವಾಗಿ ಅವರ ನಾಡಿ ಹಿಡಿದು ನೋಡಿದರಂತೆ.

ತೀರ್ಪು ಕೊಡಲು ಎರಡೂ ಪಕ್ಷದವರು ಒಪ್ಪಿದ್ದು ಇಬ್ಬರಿಗೂ ಅತ್ತೆಯಾದ ಹಿರಿಯಾಕೆಯನ್ನು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಒತ್ತಿ ನಿವೃತ್ತರಾದವರು. ಈಗಲೂ ಮಾತು ಮುಗಿಸಿದಾಗ ಮುಷ್ಟಿಯಿಂದ ಮೇಜನ್ನು ಒಮ್ಮೆ ಕುಟ್ಟುತ್ತಾರೆ. ಅವರ ನಿಷ್ಪಕ್ಷಪಾತದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಇಬ್ಬರು ಅಳಿಯಂದಿರೂ ತಮ್ಮ ಹೆಣ್ಣುಮಕ್ಕಳಿಗೆ ತಕ್ಕವರಲ್ಲ ಎಂಬ ಅಭಿಪ್ರಾಯವನ್ನು ಅವರು ಎರಡು ಮದುವೆಗಳಲ್ಲೂ ಸಮನಾಗಿ ಹಂಚಿದ್ದರು.

ವಾದಕ್ಕೆ ಗೊತ್ತುಮಾಡಿದ ಶನಿವಾರ ಕೋಣೆ ತುಂಬಿ ಮೆಟ್ಟಿಲ ಮೇಲೂ ಜನ. ಡಾಕ್ಟರು ಬಿಳಿ ಕೋಟಿನಲ್ಲೇ ಬಂದಿದ್ದರು. ಅದಿಲ್ಲದಿದ್ದರೆ ಅವರಿಗೆ ಮಾತು ಹುಟ್ಟುವುದಿಲ್ಲ.

ಮೊದಲು ಷಡ್ಡಕ. "ಸಂಗೀತ ಅಂದ್ರೇನು? ಜನರ ಬಾಯಲ್ಲಿ ಇರಬೇಕು. ನನ್ನ ಹತ್ರ ಕಾರು ಕಲಿಯೋಕೆ ಬರೋರು, ಗೇರು ಬದಲಾಯಿಸೋಕೆ ಬರದೇ ಇದ್ರೂ ಪಿಟೀಲಿನವರ ಹಾಡು ಶಿಳ್ಳೆ ಹಾಕ್ತಾರೆ. ಪಿಯಾನೋದವರದ್ದು ಒಂದು, ಒಂದೇ ಒಂದು, ಶಿಳ್ಳೆ ಹಾಕಿ ತೋರಿಸಿ ನೋಡೋಣ!"

ಪಿಯಾನೋ ಪಕ್ಷದವರು ತುಟಿ ಮುಂದೆ ಮಾಡಿ, ಪ್ರಯತ್ನಿಸಿ, ಹಿಂದಕ್ಕೆ ತೆಗೆದುಕೊಂಡರು.

ಡಾಕ್ಟರ ಸರದಿ ಬಂತು. ಎದ್ದರು. ಎದುರಾಳಿಯ ಮುಂದೆ ಹೋಗಿ ನಿಂತು, ಅಭ್ಯಾಸಬಲದಿಂದ, "ಸ್ವಲ್ಪ ಅಗಲವಾಗಿ ತೆಗೀರಿ" ಎಂದುಬಿಟ್ಟರು. ನಗು ಅಡಗಲು ಬಹಳ ಹೊತ್ತು ಬೇಕಾಯಿತು.

"ಶಿಳ್ಳೆ ಹಾಕೋಕೆ ಬರೋದೆಲ್ಲ ಸಂಗೀತಾನಾ? ಪ್ರೆಷರ್ ಕುಕ್ಕರ್ರೂ ಹಾಕುತ್ತೆ!" ಎಂದು ಶುರುಮಾಡಿದರು. ಚೆನ್ನಾಗಿಯೇ ಇತ್ತು.

"ಕುಕ್ಕರ್ ಹಾಕಿದ್ರೆ ಅನ್ನನಾದ್ರೂ ಬೇಯುತ್ತೆ. ನಿಮ್ಮವರು ಏನು ಬೇಯಿಸಿದ್ರು?" ಎಂದರು ಷಡ್ಡಕ ಕೂತಲ್ಲಿಂದಲೇ.

ಒಂದು ವಾಕ್ಯಕ್ಕೆ ಉತ್ತರ ಬರುವುದು ಡಾಕ್ಟರ ಅನುಭವದಲ್ಲೇ ಇರಲಿಲ್ಲ. ಇನ್ನೊಂದು ವಾಕ್ಯ ತೆಗೆದರು, ಅದಕ್ಕೂ ಬಂತು. ಮೂರನೆಯದು ಅರ್ಧದಲ್ಲೇ ನಿಂತಿತು. ಹಣೆಯಲ್ಲಿ ಬೆವರು. ಹೆಂಡತಿ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡರು. ಪಿಟೀಲು ಪಕ್ಷದವರು ಆಗಲೇ ಕೈಕುಲುಕಿಕೊಳ್ಳುತ್ತಿದ್ದರು. ಷಡ್ಡಕ ಇದೇ ಸಮಯವೆಂದು ಎದ್ದು, ಎದೆಯುಬ್ಬಿಸಿ, "ಪಿಟೀಲಿಗೆ ಎದುರು ಪಿಯಾನೋನಾ? ಪೂ..." ಎಂದರು.

ಆ "ಪೂ"ಗೆ ತಾತ್ಕಾಲಿಕ ಅಂಟು ತಡೆಯಲಿಲ್ಲ. ಮೂರು ಹಲ್ಲು ಒಟ್ಟಾಗಿ ಹಾರಿ ಅತ್ತೆಯ ಮುಂದಿನ ಮೇಜಿನ ಮೇಲೆ ಬಿದ್ದವು. ಅತ್ತೆ ಅವನ್ನು ನೋಡಿ, ಕಾಗದದ ತೂಕ ಅಂದಾಜು ಮಾಡುವವರಂತೆ ಎತ್ತಿ, ಹಿರಿಯ ಅಳಿಯನ ಕೈಗೆ ಕೊಟ್ಟರು.

"ನಿಮ್ಮ ಸಾಮಾನು. ಮೊದಲು ಇದನ್ನ ಸರಿಮಾಡಿ."

ವೈದ್ಯಧರ್ಮಕ್ಕೆ ಇಷ್ಟು ಬೇಗ ಓಗೊಟ್ಟ ಡಾಕ್ಟರನ್ನು ನಾನು ಕಂಡಿಲ್ಲ. ಬಿಳಿ ಕೋಟಿನ ಜೇಬಿನಲ್ಲಿ ಅಂಟಿನ ಟ್ಯೂಬು ಇದ್ದೇ ಇತ್ತು. ಷಡ್ಡಕನನ್ನು ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಬ್ರಿಡ್ಜು ಒರೆಸಿ, ಅಂಟು ಸವರಿ, ಜಾಗದಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಅದು ಹಿಡಿದುಕೊಳ್ಳುವವರೆಗೂ ಬೆರಳು ತೆಗೆಯುವಂತಿಲ್ಲ. ಹೆಬ್ಬೆರಳು ಹಲ್ಲಿಗೆ ತಾಗಿದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು, ಗಂಟಲು ತಿಳಿಯಾಯಿತು.

"ಈಗ ಹೇಳು. ಮಾತಿಲ್ಲದ ಜಾಗದಲ್ಲಿ ಮಾತಾಡೋನು ದೊಡ್ಡವನೋ, ಹಾಡಿರೋ ಜಾಗದಲ್ಲಿ ಹಾಡೋನು ದೊಡ್ಡವನೋ?"

"ಆಂ..."

"ಒಪ್ಕೊಂಡೆ. ತಾಯಿ ಮಗನ್ನ ರೈಲಿಗೆ ಹತ್ತಿಸಿ ವಾಪಸ್ ಬರೋ ದೃಶ್ಯ. ನಿಮ್ಮವರಾಗಿದ್ರೆ ಎಂಬತ್ತು ಪಿಟೀಲು ಒಟ್ಟಿಗೆ ಅಳಿಸ್ತಿದ್ರು. ನಮ್ಮವರು ಒಂದು ಸ್ವರ ಒತ್ತಿ ಕೈ ತೆಗೆದ್ರು. ಒಂದೇ ಒಂದು! ಉಳಿದದ್ದನ್ನ ನೋಡೋರೇ ಅತ್ತುಕೋಬೇಕು. ಅದು ಘನತೆ. ಅದು ಸಂಯಮ!"

"ಊಂ! ಊಂ!"

"ಕೇಳಿದ್ರಲ್ಲ, ಎರಡು ಸಲ ಒಪ್ಪಿದ್ದಾನೆ."

ಕಾಲು ಶತಮಾನದ ಕುರ್ಚಿ ಪಕ್ಕದ ಸಾಧನೆ ಅಂದು ಧಾರೆಯಾಗಿ ಹರಿಯಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೊಳವೆಗೆ ದಾರಿ ಬಿಡಬೇಕು, ಎಲ್ಲಿ ಕಣ್ಣಲ್ಲಿ ನೀರು ಬರುತ್ತದೆ, ಎಲ್ಲವೂ ಅವರಿಗೆ ಕರತಲಾಮಲಕ. ಪಿಟೀಲು ಪಕ್ಷದ ಇಬ್ಬರು ತಮಗೇ ತಿಳಿಯದಂತೆ ಬಾಯಿ ತೆರೆದು ಕೂತಿದ್ದರು. ಅಂಟು ಹಿಡಿದು ಎಷ್ಟೋ ಹೊತ್ತಾಗಿತ್ತು ಎಂದು ನನ್ನ ಅನುಮಾನ. ಕೊನೆಗೆ ಬೆರಳು ಹೊರಬಂದಾಗ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಷಡ್ಡಕ ದವಡೆ ಉಜ್ಜಿಕೊಳ್ಳುತ್ತ, "ಇದು ಮೋಸ! ನಂಗೆ ಉತ್ತರ ಕೊಡೋಕೆ..." ಎಂದದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಡಾಕ್ಟರು ಕರವಸ್ತ್ರದಿಂದ ಹೆಬ್ಬೆರಳು ಒರೆಸಿಕೊಂಡು, ತಲೆಬಾಗಿ, ತೀರ್ಪಿಗೆ ಕಾದರು. ದವಾಖಾನೆ ಉಳಿಯಿತು ಎಂಬ ನೆಮ್ಮದಿ ಮುಖದಲ್ಲಿ ಒಡೆದು ಕಾಣುತ್ತಿತ್ತು.

ಅತ್ತೆ ಮುಷ್ಟಿ ಎತ್ತಿದರು. ಮೇಜಿಗೆ ಇಳಿಸುವ ಮುನ್ನ ತಡೆದರು.

"ಅಳಿಯಂದ್ರೇ, ಘನತೆ ಅಂದ್ರಿ, ಸಂಯಮ ಅಂದ್ರಿ. ನಂಗೆ ಅದೆಲ್ಲ ತಿಳಿಯೋಲ್ಲ, ಆದ್ರೆ ಕೇಳೋಕೆ ಚೆನ್ನಾಗಿತ್ತು. ತೀರ್ಪು ಕೊಡೋಕೆ ಮುಂಚೆ ಒಂದೇ ಒಂದು ಕೇಳ್ತೀನಿ, ನಿಜ ಹೇಳಿ. ದಿನವೆಲ್ಲ ಹಲ್ಲು ಕಿತ್ತು, ಸುಸ್ತಾಗಿ ಮನೆಗೆ ಬಂದು ಕಾಲು ಚಾಚಿ ಕೂತಾಗ, ಆ ಪಿಯಾನೋದವರದ್ದು ಯಾವ ಹಾಡು ಹಾಕ್ಕೋತೀರಿ?"

ಅತ್ತೆಗೆ ಸುಳ್ಳು ಹೇಳುವ ಧೈರ್ಯ ಆ ಮನೆತನದಲ್ಲಿ ಯಾರಿಗೂ ಇಲ್ಲ. ಡಾಕ್ಟರು ಹೆಂಡತಿಯ ಕಡೆ ನೋಡಿದರು. ಆಕೆ ಸಹಾಯಕ್ಕೆ ಬರಲಿಲ್ಲ.

"ಅಯ್ಯೋ ಅತ್ತೆ, ಪಿಯಾನೋದವರು ಶ್ರೇಷ್ಠರು," ಎಂದರು ಡಾಕ್ಟರು. "ಅವರನ್ನ ಮನೇಲಿ ಯಾರು ಕೇಳ್ತಾರೆ? ಕೇಳೋಕೆ ಪಿಟೀಲಿನವರದ್ದೇ ಹಾಕ್ಕೋತೀನಿ."